ಮೇಷ್ಟ್ರ ಪೆಟ್ಟಿಗೆಗಳು

ಯುದ್ಧ ಶುರುವಾದ ಮೇಲೆ ಗೋದಾಮಿಗೆ ಮೂಟೆ ಬರುವುದು ನಿಂತಿತು. ಹಮಾಲರ ಹೊಟ್ಟೆಗೆ ತಣ್ಣೀರು ಬಟ್ಟೆಯೇ ಗತಿಯಾಯಿತು. ಶೆಲ್ಲು ಬಿದ್ದು ಕೇರಿಯ ಸೂರುಗಳು ಹಾರಿಹೋಗಿದ್ದವು. ಹೆಂಗಸರು, ಮಕ್ಕಳು ಕೇರಿಯ ಪಕ್ಕದ ಆ ಖಾಲಿ ಗೋದಾಮಿನಲ್ಲಿ ಗೋಣಿಚೀಲ ಹಾಸಿಕೊಂಡು ಬಿದ್ದಿದ್ದರು. ಅವರ ನಡುವೆ ಕೂಗಕ್ಕನ ತಂಗಿ, ತುಂಬು ಬಸುರಿ, ಬೆಳಿಗ್ಗೆಯಿಂದ ಸೊಂಟ ಹಿಡಿದುಕೊಂಡು ನರಳುತ್ತಿದ್ದಳು. ಆಸ್ಪತ್ರೆ ಸುಟ್ಟುಹೋಗಿತ್ತು. ಡಾಕ್ಟರು, ದಾದಿಯರು ಎಲ್ಲ ಆಗಲೇ ನದಿಯಾಚೆ.

"ಅಕ್ಕಾ, ಇವತ್ತು ದಾಟ್ತೀವಾ?"

"ದಾಟದೆ ಏನೇ? ಮೇಷ್ಟ್ರು ಮಾತು ಕೊಟ್ಟಿದಾರೆ. ಸುಮ್ನೆ ಮಲಗು."

ಕೂಗಕ್ಕ ಅಂದರೆ ಹಮಾಲರ ಗುಂಪಿಗೆ ಕೂಗು ಹಾಕುವವಳು. ಅವಳು "ಎತ್ತಿರಪ್ಪೋ" ಅನ್ನಬೇಕು, ಉಳಿದವರು "ಐಸಾ" ಅನ್ನಬೇಕು, ಆಗಲೇ ಭಾರ ನೆಲ ಬಿಡುವುದು. ಕೂಗಿಲ್ಲದೆ ಎತ್ತಲು ಹೋದರೆ ಯಾರದಾದರೂ ಸೊಂಟ ಮುರಿಯುತ್ತದೆ. ಅವಳ ಅಪ್ಪನದೂ ಇದೇ ಕೆಲಸ. ಆತ ಈ ದಡದಲ್ಲಿ ಕೂಗಿದರೆ ಆ ದಡದ ದೋಣಿಯವರು ತಮಾಷೆಗೆ "ಐಸಾ" ಅನ್ನುತ್ತಿದ್ದರಂತೆ. ಮಗಳ ಗಂಟಲೂ ಅಂಥದೇ. "ಇವಳು ಪಿಸುಗುಟ್ಟಿದ್ರೂ ಬೀದಿಗೆಲ್ಲ ಕೇಳುತ್ತೆ. ಪಾಪ, ಇವಳ ಗಂಡನ ಒಂದು ಗುಟ್ಟೂ ಉಳಿದಿಲ್ಲ" ಎಂದು ಗುಂಪಿನವರು ರೇಗಿಸುತ್ತಿದ್ದರು.

ಮೇಷ್ಟ್ರು ಅಪ್ಪನ ಕಾಲದಲ್ಲಿ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಿದ್ದವರು. ಟೇಪ್ ರೆಕಾರ್ಡರ್ ಹಿಡಿದು ಕೇರಿಗೆ ಬಂದರು. ಇವರ ಚಾಪೆಯ ಮೇಲೆ ಕೂತು ಚಹಾ ಕುಡಿದು, ಅಪ್ಪನ ಕೂಗನ್ನು ತುಂಬಿಕೊಂಡು ಹೋಗಿ ದಪ್ಪ ಪುಸ್ತಕ ಬರೆದರು. ಪುಸ್ತಕದಿಂದ ಹೆಸರು ಬಂತು, ಹೆಸರಿನಿಂದ ಓಟು, ಓಟಿನಿಂದ ಇಡೀ ಪ್ರಾಂತ್ಯದ ಗದ್ದುಗೆ. ಓಟು ಹಾಕಿದವರು ಯಾರು? ಇದೇ ಕೇರಿಯವರು! ಈಗ ದಿನಾ ಸಂಜೆ ಮೇಷ್ಟ್ರು ರೇಡಿಯೋದಲ್ಲಿ ನೇರವಾಗಿ ಮಾತಾಡುತ್ತಿದ್ದರು. ಸೈನ್ಯ ಹಿಂದೆ ಸರಿದರೆ ಸೇತುವೆ ಒಡೆಯಬೇಕಾದೀತು, ಆದರೆ ಕೊನೆಯ ಮನುಷ್ಯ ದಾಟುವವರೆಗೆ ನಾನು ದಾಟುವುದಿಲ್ಲ ಎಂದಿದ್ದರು. ಎಂಥ ಮಾತು! ಕೇರಿ ಕಣ್ಣು ಮುಚ್ಚಿಕೊಂಡು ನಂಬಿತು.

ಮಧ್ಯಾಹ್ನ ಸರ್ಕಾರಿ ಬಂಗಲೆಯಿಂದ ಹಮಾಲರಿಗೆ ಕರೆ ಬಂತು. ಅಂಗಳದಲ್ಲಿ ಮೂರು ಲಾರಿ, ವರಾಂಡದ ತುಂಬ ಮರದ ಪೆಟ್ಟಿಗೆಗಳು.

"ಬೇಗ ಬೇಗ ತುಂಬಿ," ಎಂದ ಮೇಷ್ಟ್ರ ಕಾರ್ಯದರ್ಶಿ. "ಇವನ್ನ ಆಚೆ ಇಳಿಸಿ ಲಾರಿ ನೇರ ನಿಮ್ಮ ಕೇರಿಗೇ ಬರುತ್ತೆ."

ಒಳಗೇನಿದೆ ಎಂದು ಯಾರೂ ಕೇಳಲಿಲ್ಲ. ಹೊರುವವರು ಅದನ್ನು ಕೇಳಬಾರದು, ಕಸುಬಿನ ಮರ್ಯಾದೆ. ಔಷಧಿ ಇರಬೇಕು ಅಂದುಕೊಂಡಳು ಕೂಗಕ್ಕ. ಆ ಮರ್ಯಾದೆಯೇ ಅವರಿಗೆ ಮುಳುವಾಯಿತು. ಎರಡು ಲಾರಿ ತುಂಬಿ ಸೇತುವೆಯ ಕಡೆ ಹೊರಟೇಬಿಟ್ಟವು. ಮೂರನೆಯದಕ್ಕೆ ಏರಿಸುವಾಗ ಒಂದು ಪೆಟ್ಟಿಗೆಯ ತಳ ಬಿಟ್ಟುಕೊಂಡು, ಇದ್ದದ್ದೆಲ್ಲ ನೆಲಕ್ಕೆ ಸುರಿಯಿತು.

ಪುಸ್ತಕ. ಬರೀ ಪುಸ್ತಕ. ರಟ್ಟಿನ ಮೇಲೆ ಬಾಯಿ ತೆರೆದು ಕೂಗುತ್ತಿರುವ ಅವಳ ಅಪ್ಪ.

ಕೂಗಕ್ಕ ಕೂಗು ನಿಲ್ಲಿಸಿದಳು. ಡ್ರೈವರನ ಹತ್ತಿರ ಹೋದಳು.

"ಅಣ್ಣಾ, ಆಚೆ ಇಳಿಸಿ ವಾಪಸ್ ಬರ್ತೀಯಲ್ವಾ?"

ಅವನು ಮುಖ ತಿರುಗಿಸಿದ. "ಯಾವ ಸೇತುವೆ ಮೇಲೆ ಬರ್ಲಮ್ಮ? ಮೇಷ್ಟ್ರ ಕಾರು ದಾಟಿದ ತಕ್ಷಣ ಒಡೀತಾರೆ. ನಿಮಗೆ ಹೇಳಿಲ್ವಾ?"

ಅಷ್ಟರಲ್ಲಿ ಮೇಷ್ಟ್ರೇ ಮೆಟ್ಟಿಲಿಳಿದು ಬಂದರು. ಅದೇ ಕನ್ನಡಕ, ಅದೇ ಮೆತ್ತನೆ ದನಿ. "ಯಾಕಮ್ಮಾ ನಿಲ್ಲಿಸಿದೆ?"

"ನಮ್ಮ ಕೇರಿ ಯಾವಾಗ ದಾಟೋದು ಮೇಷ್ಟ್ರೇ? ತಂಗಿಗೆ ನೋವು ಶುರುವಾಗಿದೆ."

"ನೋಡಮ್ಮಾ, ಇದು ಒಂದು ಪ್ರಾಂತ್ಯದ ನೆನಪು. ನಿಮ್ಮಪ್ಪನ ದನಿಯೂ ಇದರಲ್ಲಿದೆ. ಇದು ಶತ್ರುಗಳ ಕೈಗೆ ಸಿಗಬಾರದು."

"ನಮ್ಮಪ್ಪನ ದನೀನ ದಾಟಿಸ್ತೀರಿ. ಅವನ ಮಕ್ಕಳನ್ನ ಇಲ್ಲೇ ಬಿಟ್ಟು ಹೋಗ್ತೀರಾ?"

ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. ಸಿಪಾಯಿಯೊಬ್ಬ ಬಂದೂಕು ಎತ್ತಿ, "ಏಯ್, ಕೂಗೇ!" ಎಂದು ಗದರಿದ.

"ಹೊಡಿಯಪ್ಪಾ. ಆಮೇಲೆ ಇವನ್ನೆಲ್ಲ ನೀನೇ ಎತ್ತುವೆಯಂತೆ."

ಆಮೇಲೆ ಕೂಗಿದಳು. "ಇಳಿಸಿರಪ್ಪೋ!"

"ಐಸಾ!"

ಲಾರಿಯ ಮೇಲಿದ್ದ ಪೆಟ್ಟಿಗೆಗಳು ಒಂದೊಂದಾಗಿ ಮಣ್ಣಿಗೆ ಇಳಿದವು. ಪಕ್ಕದ ಬೀದಿಯಲ್ಲಿ ಶೆಲ್ಲು ಸಿಡಿಯಿತು. ಕಾರ್ಯದರ್ಶಿ ಮೇಷ್ಟ್ರನ್ನು ಕಾರಿಗೆ ತಳ್ಳಿದ. ಸಿಪಾಯಿಗಳೂ ಜೀಪು ಹತ್ತಿ ಅವರ ಹಿಂದೆ ಹೊರಟರು. ಡ್ರೈವರ್ ಒಂದು ಕ್ಷಣ ನಿಂತ. ನಂತರ, "ಹತ್ರೀ ಬೇಗ, ನಿಮ್ಮ ಕೇರಿ ಯಾವ ಕಡೆ?" ಎಂದ.

ಕೇರಿಯಲ್ಲಿ ಹತ್ತಿದವರು ಹತ್ತಿದರು, ಉಳಿದವರು ಲಾರಿಯ ಹಿಂದೆ ಓಡಿದರು. ತಂಗಿಯ ತಲೆ ಕೂಗಕ್ಕನ ತೊಡೆಯ ಮೇಲಿತ್ತು. ಸೇತುವೆ ಕಣ್ಣಿಗೆ ಬೀಳುತ್ತಿದ್ದಂತೆ ಭೂಮಿ ನಡುಗಿತು. ಹೊಗೆ ಕರಗಿದಾಗ ನದಿಯ ನಡುವೆ ಬರೀ ಕಂಬಗಳು. ಆಚೆ ದಡದಲ್ಲಿ ಜನ, ಸೈನಿಕರು, ಮೈಕು ಹಿಡಿದು ನಿಂತ ಮೇಷ್ಟ್ರು.

ಲಾರಿಯ ರೇಡಿಯೋದಲ್ಲಿ ಅವರ ದನಿ ಬಂತು. "ಮಾತು ಉಳಿಸಿಕೊಂಡಿದ್ದೇನೆ. ನನ್ನ ಜನರೆಲ್ಲ ದಾಟಿದ್ದಾರೆ. ಕೊನೆಯವನಾಗಿ ನಾನು ದಾಟಿದೆ."

ತಂಗಿ ಹಲ್ಲು ಕಚ್ಚಿಕೊಂಡು, "ಹಾಗಾದ್ರೆ ನಾವ್ಯಾರಕ್ಕಾ?" ಎಂದಳು.

ಕೂಗಕ್ಕ ಅವಳ ತಲೆಯನ್ನು ಪಕ್ಕದವಳ ಮಡಿಲಿಗಿಟ್ಟು ಲಾರಿಯ ಮೇಲೆ ಎದ್ದು ನಿಂತಳು. ಎತ್ತಲು ಏನೂ ಇರಲಿಲ್ಲ. ಆದರೂ ಅಪ್ಪ ಕೂಗುತ್ತಿದ್ದಂತೆ ಎದೆ ಬಿರಿಯುವ ಹಾಗೆ ಕೂಗಿದಳು.

"ಎತ್ತಿರಪ್ಪೋ!"

"ಐಸಾ!" ಇಡೀ ಕೇರಿ ಕೂಗಿತು. ಹೆಂಗಸರು, ಮಕ್ಕಳು, ಡ್ರೈವರ್ ಕೂಡ.

"ದನಿ ಎತ್ತಿರಪ್ಪೋ!"

"ಐಸಾ!"

ಆಚೆ ದಡದ ಜನ ತಿರುಗಿ ನೋಡಿದರು. ಡ್ರೈವರ್ ರೇಡಿಯೋದ ದನಿ ಏರಿಸಿ, "ಕೇಳ್ರೀ, ಕೇಳ್ರೀ!" ಎಂದು ಕಿರುಚಿದ. ಮೇಷ್ಟ್ರ ಮಾತಿನ ಹಿಂದಿನಿಂದ, ಅವರದೇ ಮೈಕಿನೊಳಗಿಂದ, ಇವರ ಕೂಗು ಇಡೀ ಪ್ರಾಂತ್ಯಕ್ಕೆ ಕೇಳುತ್ತಿತ್ತು. ಮೇಷ್ಟ್ರು ತಡವರಿಸಿದರು. ರೇಡಿಯೋ ಗಕ್ಕನೆ ನಿಂತುಹೋಯಿತು.

ಇವರು ನಿಲ್ಲಿಸಲಿಲ್ಲ.