ಒಲೆ ಹಚ್ಚದ ದಿನದ ಚೊಂಬು

"ಆ ಚೊಂಬೂ ಸ್ವಲ್ಪ ಈಚೆಗೆ ತೆಗೆದಿಟ್ಟಿರಕ್ಕಾ," ಎಂದಳು ಮೀನಾ. "ನಾಳೆ ಹನ್ನೊಂದು ಗಂಟೆಗೆಲ್ಲಾ ಆರ್‌ಐ ಸಾಹೇಬ್ರು ಬತ್ತಾರೆ. ಪಾಟಿ ಮಾತು ಬರ್ಕೊಂಡು, ಚೊಂಬು ಫೋಟೊ ತಕ್ಕೊಂಡು ಓಗ್ತಾರಂತೆ."

ಪುಷ್ಪ ಮೊರದ ತುಂಬ ಅವರೆಕಾಯಿ ಹರವಿಕೊಂಡು ಬಿಡಿಸುತ್ತಿದ್ದಳು. ತಲೆ ಎತ್ತಲಿಲ್ಲ. ಯಾವ ಚೊಂಬು ಎಂದು ಕೇಳುವ ಅಗತ್ಯವೂ ಇರಲಿಲ್ಲ. ಆ ಮನೆಯಲ್ಲಿ ಚೊಂಬು ಎಂದರೆ ಅತ್ತೆ ಅಮ್ಮಾಜಮ್ಮ, ಮೀನಾಳ ಬಾಯಲ್ಲಿ ಪಾಟಿ ಅಂದರೆ ಅಜ್ಜಿ, ನೀರು ಕುಡಿಯುವ ಹಿತ್ತಾಳೆ ಚೊಂಬು ಒಂದೇ. ಅದರ ಕಂಠದ ಕೆಳಗೆ ಚುಕ್ಕಿ ಚುಕ್ಕಿಯಾಗಿ ತಮಿಳು ಅಕ್ಷರ ಕೊರೆದಿದ್ದರು. ಇಪ್ಪತ್ತೈದು ವರ್ಷದಿಂದ ಹುಣಸೆಹಣ್ಣು ಹಚ್ಚಿ ತಿಕ್ಕಿ ತಿಕ್ಕಿ ಆ ಅಕ್ಷರಗಳು ಪುಷ್ಪಳ ಬೆರಳಿಗೆ ಪಾಠವಾಗಿದ್ದವು, ಓದಲು ಮಾತ್ರ ಬರುತ್ತಿರಲಿಲ್ಲ. ಹಿಂದೊಮ್ಮೆ ಓದಿ ಹೇಳಿದವಳು ಇದೇ ಮೀನಾ. ಕುಪ್ಪುಸಾಮಿ ಮಗ ಸುಬ್ರಮಣಿ ಹುಟ್ಟಿದ ದಿನ, ಚಾಂಪಿಯನ್ ರೀಫ್ಸ್, 31-1-48. ಸುಬ್ರಮಣಿ ಎಂದರೆ ಮೀನಾಳ ಮಾವ, ಅಲ್ಲಿನ ಚಿನ್ನದ ಗಣಿಯಲ್ಲಿ ಮೂವತ್ತು ವರ್ಷ ಕೆಳಗಿಳಿದು, ಕೆಮ್ಮಿ ಕೆಮ್ಮಿ ತೀರಿಕೊಂಡವನು.

"ನೋಡಾನ," ಎಂದಳು ಪುಷ್ಪ. "ಹಳೇ ಸಾಮಾನು, ಎಲ್ಲೈತೋ ಏನೋ."

ಮೀನಾ ತಂದಿದ್ದ ಡಬ್ಬಿಯನ್ನು ಜಗಲಿಯ ಮೇಲಿಟ್ಟು ಹೊರಟುಹೋದಳು. ಡಬ್ಬಿಯಲ್ಲಿ ಪೊಂಗಲ್‌ಗೆ ಮಾಡಿ ಉಳಿದಿದ್ದ ಮುರುಕು ಇತ್ತು. ಪುಷ್ಪ ಅದನ್ನು ಮುಟ್ಟಲಿಲ್ಲ.

ವಿಷಯ ಇಷ್ಟು. ತಾಲ್ಲೂಕಿನಲ್ಲಿ ಪರಿಶಿಷ್ಟ ಜಾತಿಗೆಂದು ಒಂದೇ ಒಂದು ನರ್ಸ್ ಹುದ್ದೆ ಬಂದಿತ್ತು. ಬಂಗಾರಪೇಟೆಯಲ್ಲಿ ಅಂಟಿಸಿದ ಪಟ್ಟಿಯಲ್ಲಿ ಮೀನಾಳ ಮಗಳು ಪ್ರಿಯಾಳ ಹೆಸರು ಮೊದಲು, ಪುಷ್ಪಳ ಮಗಳು ನವ್ಯಶ್ರೀಯದು ಎರಡನೆಯದು. ಶುಕ್ರವಾರದೊಳಗೆ ಪ್ರಿಯಾ ಜಾತಿ ಪ್ರಮಾಣಪತ್ರ ಕೊಡದಿದ್ದರೆ ಕೆಲಸ ನವ್ಯಶ್ರೀಗೆ. ನವ್ಯಶ್ರೀಯ ಪ್ರಮಾಣಪತ್ರ ಅರ್ಜಿ ಹಾಕಿದ ವಾರದಲ್ಲೇ ಕೈಗೆ ಬಂದಿತ್ತು. ಇವರು ಆದಿ ಕರ್ನಾಟಕ, ಊರಿನವರು, ಯಾರೂ ಏನೂ ಕೇಳಲಿಲ್ಲ. ಅವರು ಆದಿ ದ್ರಾವಿಡ, ತಮಿಳಿನವರು. ಹೊರಗಿನಿಂದ ಬಂದವರಲ್ಲ, ಸಾವಿರದ ಒಂಬೈನೂರ ಐವತ್ತಕ್ಕೆ ಮುಂಚಿನಿಂದ ಇಲ್ಲೇ ಇದ್ದವರು ಎಂದು ಅವರು ತೋರಿಸಬೇಕಿತ್ತು.

ತೋರಿಸಲು ಹೋದರೆ ಸುಬ್ರಮಣಿಯ ಸರ್ವಿಸ್ ಪುಸ್ತಕವೇ ಅಡ್ಡ ಬಂತು. ಕೆಲಸಕ್ಕೆ ಸೇರುವಾಗ ಗುಮಾಸ್ತ 'ಊರು ಯಾವುದು' ಎಂದು ಕೇಳಿದಾಗ ಆತ ಎದೆ ಸೆಟೆಸಿ ತಮಿಳು ಸೀಮೆಯ 'ಗುಡಿಯಾತ್ತಂ' ಎಂದಿದ್ದ. ಹುಟ್ಟಿದ್ದು ಗಣಿಯ ಲೈನಿನ ಮನೆಯಲ್ಲಿ, ಗುಡಿಯಾತ್ತಂ ಕಂಡದ್ದು ಬದುಕಿನಲ್ಲಿ ಎರಡು ಸಲ, ಅದೂ ಮದುವೆಗೆ. ಆದರೆ ಲೈನಿನ ಗಂಡಸರೆಲ್ಲ ಹಾಗೇ ಬರೆಸುತ್ತಿದ್ದರು. ಊರು ಎಂದರೆ ತಾತನ ಊರು, ಕಂಪನಿ ಕಟ್ಟಿಸಿದ ಸಾಲು ಮನೆಯನ್ನು ಯಾರಾದರೂ ಊರು ಎನ್ನುತ್ತಾರೆಯೇ? ಸಾಲದ್ದಕ್ಕೆ ನಾಲ್ಕು ವರ್ಷ ಹೆಚ್ಚಿಗೆ ದುಡಿಯಬಹುದೆಂದು ವಯಸ್ಸನ್ನೂ ನಾಲ್ಕು ವರ್ಷ ಇಳಿಸಿದ್ದ. ಹೀಗೆ ಪುಸ್ತಕದ ಪ್ರಕಾರ ಆತ ಹುಟ್ಟಿದ್ದು ಐವತ್ತೆರಡರಲ್ಲಿ, ಊರು ಗುಡಿಯಾತ್ತಂ. ಅವನ ಅಪ್ಪ ಕುಪ್ಪುಸಾಮಿಯ ಕಾಗದ ಯಾವುದೂ ಉಳಿದಿರಲಿಲ್ಲ. ಉಳಿದದ್ದು ಒಬ್ಬಳು ಸಾಕ್ಷಿ ಮತ್ತು ಒಂದು ಚೊಂಬು. ಎರಡೂ ಪುಷ್ಪಳ ಮನೆಯಲ್ಲಿದ್ದವು.

ಪುಷ್ಪಳಿಗೆ ಹೊಟ್ಟೆಕಿಚ್ಚು ಹೊಸದೇನಲ್ಲ. ಅದು ಅವಳು ಆ ಮನೆಗೆ ಕಾಲಿಡುವ ಮೊದಲೇ ಅಲ್ಲಿತ್ತು. ಹಳ್ಳಿಗೂ ಗಣಿಗೂ ನಡುವೆ ಇದ್ದದ್ದು ಒಂದು ಮುಳ್ಳುತಂತಿಯ ಬೇಲಿ. ಆಚೆ ದೀಪ ಝಗಮಗಿಸುವಾಗ ಈಚೆ ಸೀಮೆಎಣ್ಣೆ ಬುಡ್ಡಿ. ಆಚೆ ಬೋನಸ್ಸು, ಪಿಂಚಣಿ, ಆಸ್ಪತ್ರೆ, ಈಚೆ ಕ್ಯಾಸಂಬಳ್ಳಿ ಗೌಡರ ಹೊಲದಲ್ಲಿ ದಿನಗೂಲಿ. ಆಚೆಯವರು ಆ ದೀಪದ ಬೆಳಕಿನಿಂದ ಕತ್ತಲೆಯ ಹೊಂಡಕ್ಕೆ ಇಳಿದು ಎದೆಯಲ್ಲಿ ಕಲ್ಲುಪುಡಿ ತುಂಬಿಕೊಂಡು ಬಂದದ್ದನ್ನು ಹೊಟ್ಟೆಕಿಚ್ಚು ಲೆಕ್ಕಕ್ಕೆ ಹಿಡಿಯುವುದಿಲ್ಲ. ಗಣಿ ಮುಚ್ಚಿ ಇಪ್ಪತ್ತು ವರ್ಷವಾಗಿ, ಬೇಲಿಯ ತಂತಿಯನ್ನು ಯಾರು ಯಾರೋ ಕಿತ್ತು ಮಾರಿಕೊಂಡ ಮೇಲೂ ಪುಷ್ಪಳ ಮನಸ್ಸಿನೊಳಗಿನ ಬೇಲಿ ನೆಟ್ಟಗೆ ನಿಂತಿತ್ತು.

ಇದನ್ನಾದರೂ ಸಹಿಸಬಹುದಿತ್ತು. ಸಹಿಸಲಾಗದ್ದು ಅತ್ತೆಯ ಪಕ್ಷಪಾತ. ಅಮ್ಮಾಜಮ್ಮ ಸೂಲಗಿತ್ತಿ. ಲೈನಿನ ಅರ್ಧ ಜನ ಅವಳ ಕೈಯಲ್ಲೇ ಹುಟ್ಟಿದವರು, ಪ್ರಿಯಾಳೂ ಹಾಗೆಯೇ. ಪುಷ್ಪ ಮಾತ್ರ ತನ್ನ ಹೆರಿಗೆಗೆ ಹಟ ಹಿಡಿದು ದೊಡ್ಡಾಸ್ಪತ್ರೆಗೆ ಹೋದಳು, ಹೊಟ್ಟೆ ಕುಯ್ಯಿಸಿಕೊಂಡು ಬಂದಳು. ಅತ್ತೆ ಒಂದು ಮಾತೂ ಆಡಲಿಲ್ಲ. ಆದರೆ ಅಂದಿನಿಂದ ಇಂದಿನವರೆಗೂ ಪ್ರಿಯಾ ಬಂದರೆ "ನನ್ ಕೈ ಕೂಸು ಬಂತು" ಎಂದು ಮುಖ ಅರಳಿಸುತ್ತಿದ್ದಳು. ಮೀನಾ 'ಕಣ್ಣು', ಪ್ರಿಯಾ 'ಬಂಗಾರ'. ಇಪ್ಪತ್ತೈದು ವರ್ಷ ಮುದ್ದೆ ಮಾಡಿ ಹಾಕಿದ ಸೊಸೆ ಬರೀ 'ಏ ಪುಷ್ಪ'. ಈಗ ಕೆಲಸವೂ ಆ ಬಂಗಾರಕ್ಕೇ ಹೋಗಬೇಕೆ?

ರಾತ್ರಿ ಊಟಕ್ಕೆ ಕೂತಾಗ ಪುಷ್ಪ ಮಗಳ ತಟ್ಟೆಗೆ ಸಾರು ಬಿಡುತ್ತ, ಶುಕ್ರವಾರ ಕಳೆದರೆ ಕೆಲಸ ನಿನ್ನದೇ ಎಂದಳು. ನವ್ಯಶ್ರೀ ಮುದ್ದೆ ಮುರಿಯುತ್ತಿದ್ದ ಕೈ ನಿಲ್ಲಿಸಿದಳು. ಮೂರು ವರ್ಷ ಅವಳೂ ಪ್ರಿಯಾಳೂ ಬಂಗಾರಪೇಟೆಯ ನರ್ಸಿಂಗ್ ಶಾಲೆಗೆ ಒಂದೇ ಬಸ್ಸಿನಲ್ಲಿ ಓಡಾಡಿದ್ದರು. ಮೊದಲು ಹತ್ತುವ ಪ್ರಿಯಾ ದಿನವೂ ಪಕ್ಕದ ಸೀಟಿಗೆ ಬ್ಯಾಗಿಟ್ಟು ಜಾಗ ಹಿಡಿಯುತ್ತಿದ್ದಳು.

"ಅವಳ್ದು ಅವಳ್ಗೆ ಬರ್ಲಿ ಬಿಡಮ್ಮ," ಎಂದಳು ನವ್ಯಶ್ರೀ. "ಮೂರು ಮಾರ್ಕ್ಸು ಜಾಸ್ತಿ ತಕ್ಕೊಂಡವ್ಳೆ."

ಪುಷ್ಪಳಿಗೆ ಮೈಯೆಲ್ಲ ಉರಿದುಹೋಯಿತು. ಹೆತ್ತ ಮಗಳೂ ಬೇಲಿಯಾಚೆಗೆ ಹೋದಳಲ್ಲ ಎನ್ನಿಸಿತು.

ಬೆಳಿಗ್ಗೆ ಅಮ್ಮಾಜಮ್ಮ ಎಂದಿನಂತೆ ಚೊಂಬಿನಲ್ಲಿ ನೀರು ಕುಡಿದು ಬಿಸಿಲು ಕಾಯಿಸಿಕೊಳ್ಳಲು ಹೋದಳು. ಪುಷ್ಪ ಚೊಂಬನ್ನು ಸೆರಗಿನಲ್ಲಿ ಒರೆಸಿದಳು. ಒಂದು ಗಳಿಗೆ ಅಲ್ಲೇ ನಿಂತಳು. ಆಮೇಲೆ ಅಡುಗೆಮನೆ ಮೂಲೆಯ ರಾಗಿ ಡ್ರಮ್ಮಿನ ಮುಚ್ಚಳ ತೆಗೆದು, ಮೊಣಕೈವರೆಗೆ ಕೈ ಇಳಿಸಿ ಚೊಂಬನ್ನು ರಾಗಿಯೊಳಗೆ ಹೂತಳು. ಮೇಲೆ ರಾಗಿ ಸಮ ಮಾಡಿದಳು. ಆ ಡ್ರಮ್ಮಿನ ತಗಡಿನ ಮುಚ್ಚಳ ಸೊಟ್ಟಗಾಗಿದ್ದರಿಂದ ತೆಗೆದಾಗಲೂ ಹಾಕಿದಾಗಲೂ ಢಣ್ ಎನ್ನುತ್ತಿತ್ತು. ಈ ಸಲ ಅವಳಿಗೆ ಅದು ಊರಿಗೇ ಕೇಳಿಸಿದಂತಾಯಿತು.

ಹನ್ನೊಂದಕ್ಕೆ ಸರಿಯಾಗಿ ಕಂದಾಯ ಇಲಾಖೆಯ ಆರ್‌ಐ ಸುಧಾಕರ್ ಬೈಕಿನಲ್ಲಿ ಬಂದ. ನಲವತ್ತರ ಆಸುಪಾಸಿನ, ಬೆವರು ಒರೆಸಿಕೊಳ್ಳುತ್ತಲೇ ಇರುವ ಆಸಾಮಿ. ಹಿಂದೆಯೇ ಆಟೊದಲ್ಲಿ ಮೀನಾ, ಪ್ರಿಯಾ ಇಳಿದರು. ಪ್ರಿಯಾ ಫೈಲನ್ನು ಎದೆಗೆ ಅವಚಿಕೊಂಡಿದ್ದಳು. ನವ್ಯಶ್ರೀ ಪ್ಲಾಸ್ಟಿಕ್ ಕುರ್ಚಿ ತಂದು ಹಾಕಿ ಗೆಳತಿಯ ಪಕ್ಕ ನಿಂತಳು. ಪುಷ್ಪ ಕೈಗೆ ಕೆಲಸವಿರಲೆಂದು ಮತ್ತೆ ಅವರೆಕಾಯಿ ಮೊರ ಹಿಡಿದು ಜಗಲಿಯಲ್ಲಿ ಕೂತಳು.

ಆರ್‌ಐ ಬರೆಯಲು ಶುರು ಮಾಡುವ ಮೊದಲೇ ಪುಷ್ಪ, ಅತ್ತೆಗೆ ಈಚೆಗೆ ತುಂಬ ಮರೆವು, ಏನೇನೋ ಹೇಳುತ್ತಾರೆ, ಅದನ್ನೆಲ್ಲ ಬರೆದುಕೊಳ್ಳಬೇಡಿ ಎಂದಳು. ಎಷ್ಟು ಸಲೀಸಾಗಿ ಬಂತೆಂದರೆ ಅವಳಿಗೇ ಆಶ್ಚರ್ಯವಾಯಿತು. ಅಮ್ಮಾಜಮ್ಮ ಸೊಸೆಯ ಕಡೆ ಒಮ್ಮೆ ತಿರುಗಿ ನೋಡಿದಳು. ಆಮೇಲೆ ಯಾರೂ ಕೇಳದೆಯೇ ಹೇಳತೊಡಗಿದಳು.

"ಗಾಂಧಿ ತಾತನ್ನ ಒಡೆದಾಕಿದ ಮಾರ್ನೇ ದಿನ ಸಾಮಿ. ನಂಗೆ ಏಳೋ ಎಂಟೋ. ನಮ್ ಸೋದರತ್ತೆ ಸೂಲಗಿತ್ತಿ, ಅಳ್ಳೆಣ್ಣೆ ಸೀಸೆ ಇಡ್ಕೊಂಡು ನಾನು ಇಂದೆ. ಕುಪ್ಪುಸಾಮಿ ಎಂಡ್ರಿಗೆ ನೋವು ಬಂದಿತ್ತು. ಓಗಿ ನೋಡಿದ್ರೆ ಲೈನಾಗೆ ಒಂದೊಲೇನೂ ಅಚ್ಚಿಲ್ಲ. ಸಾವಿನ ಮನೆ ಅಂಗೆ ಎಲ್ರೂ ಆಚೆ ಕೂತವ್ರೆ. ಕೂಸು ಉಟ್ತು. ಬಿಸ್ನೀರು ಕೊಡ್ರಪ್ಪ ಅಂದ್ರೆ, ಇವತ್ತು ಒಲೆ ಅಚ್ಚಂಗಿಲ್ಲ ಅಂತ ಕುಪ್ಪುಸಾಮಿ ಕೈ ಮುಗೀತಾನೆ. ಅಳ್ತಾನೆ, ಅಚ್ಚಲ್ಲ. ಆಗ ನಮ್ಮತ್ತೆ ಅಂದ್ಲು, ಓದೋರಿಗೆ ಅಳಾನ, ಬಂದೋರಿಗೆ ನೀರು ಕಾಯ್ಸಾನ, ಎರಡ್ನೂ ಮಾಡಾನ ಅಂತ. ತಾನೇ ಒಲೆ ಅಚ್ಚಿದ್ಲು. ಊದಿದ್ದು ನಾನು. ಅಷ್ಟುದ್ದ ಲೈನಾಗೆ ಅವತ್ತು ಒಂದೇ ಮನೇಲಿ ಒಗೆ ಎದ್ದಿದ್ದು."

ಕಾಯಿ ಬಿಡಿಸುತ್ತಿದ್ದ ಪುಷ್ಪಳ ಕೈ ತಾನೇ ತಾನಾಗಿ ನಿಂತಿತ್ತು. ಇಪ್ಪತ್ತೈದು ವರ್ಷದಲ್ಲಿ ಅತ್ತೆ ಈ ಕಥೆಯನ್ನು ತನಗೆ ಒಮ್ಮೆಯೂ ಹೇಳಿಲ್ಲ ಎಂಬುದು ಹೊಳೆದು ಹೊಟ್ಟೆಯೊಳಗೆ ಮತ್ತೊಂದು ಕೆಂಡ ಬಿತ್ತು. ತಾನೂ ಒಮ್ಮೆಯೂ ಕೇಳಿರಲಿಲ್ಲ ಎಂಬುದು ಹೊಳೆಯಲಿಲ್ಲ.

ಸುಧಾಕರ್ ಅಷ್ಟನ್ನೂ ಬರೆದುಕೊಂಡು ಪೆನ್ನಿನ ತುದಿ ಕಚ್ಚಿದ. ಹೇಳಿಕೆ ಚೆನ್ನಾಗಿದೆ, ಆದರೆ ಆಗ ಅಜ್ಜಿ ಚಿಕ್ಕ ಹುಡುಗಿ, ಮೇಲಾಗಿ ಮರೆವು ಅಂತೀರಿ, ಬರೀ ಇದರ ಮೇಲೆ ಶಿಫಾರಸು ಮಾಡುವುದು ಕಷ್ಟ, ಆ ಚೊಂಬು ಎಲ್ಲಿ ಎಂದು ಕೇಳಿದ.

"ಆ ಮಗೀನ ನಾಮಕರಣಕ್ಕೆ ನಮ್ಮತ್ತೆಗೆ ಕೊಟ್ಟಿದ್ದು," ಎಂದಳು ಅಮ್ಮಾಜಮ್ಮ. "ಏ ಪುಷ್ಪ, ತತ್ತಾರಮ್ಮಿ."

ಪುಷ್ಪ ಒಂದು ಕಾಯಿ ಬಿಡಿಸಿದಳು. ಇನ್ನೊಂದು ಬಿಡಿಸಿದಳು.

"ಎಲ್ಲೈತೆ ಅತ್ತೆ? ಅದು ಗುಜರಿಗೆ ಓಗಿ ಎರಡು ವರ್ಸ ಆಯ್ತಲ್ಲ," ಎಂದು ಆರ್‌ಐ ಕಡೆ ತಿರುಗಿದಳು. "ಅದಕ್ಕೇ ಏಳಿದ್ದು ಸಾರ್, ಮರೆವು ಅಂತ."

ಮೀನಾಳ ಮುಖದ ಬಣ್ಣ ಇಳಿಯಿತು. ಕಳೆದ ಭಾನುವಾರ ಅದೇ ಚೊಂಬಿನಲ್ಲಿ ಅವಳು ನೀರು ಕುಡಿದಿದ್ದಳು. ಆದರೂ ಸರ್ಕಾರದವರ ಎದುರು, ಪರರ ಜಗಲಿಯಲ್ಲಿ ನಿಂತು ಸುಳ್ಳು ಎನ್ನುವ ಧೈರ್ಯ ಅವಳಿಗೆ ಎಲ್ಲಿಂದ ಬರಬೇಕು? ಎಲ್ಲಿಯವರು ಎಂದು ಕೇಳಿಸಿಕೊಂಡೇ ಬೆಳೆದವರು ಅವರು. ಪ್ರಿಯಾ ಫೈಲಿನ ದಾರ ಬಿಚ್ಚಿ ಮತ್ತೆ ಕಟ್ಟಿದಳು. ಈಗ ಅತ್ತೆ ಕೂಗಾಡುತ್ತಾಳೆ, ಕೂಗಾಡಿದರೆ ಮರೆವಿನ ಮಾತು ಇನ್ನಷ್ಟು ನಿಜವಾಗುತ್ತದೆ ಎಂದು ಪುಷ್ಪ ಕಾದಳು. ಅಮ್ಮಾಜಮ್ಮ ಕೂಗಾಡಲಿಲ್ಲ. ಸೊಸೆಯನ್ನು ಬಹಳ ಹೊತ್ತು ನೋಡಿದಳು. ಹಸಿಗೂಸಿನ ಮೈಯಲ್ಲಿ ಎಲ್ಲಿ ಏನು ಕೆಟ್ಟಿದೆ ಎಂದು ಹುಡುಕುವವಳ ನೋಟ ಅದು.

"ಸೊಸೆ ಏಳಿದ್ರೆ ಸರೀನೇ ಸಾಮಿ," ಎಂದಳು ಕೊನೆಗೆ. "ನಂಗೆ ಮರೆವು."

ಪುಷ್ಪಳಿಗೆ ಕಪಾಳಕ್ಕೆ ಹೊಡೆಸಿಕೊಂಡಂತಾಯಿತು. ಹೊಡೆದಿದ್ದರೆ ಚೆನ್ನಾಗಿತ್ತು. ಬಯ್ದಿದ್ದರೆ ತಾನೂ ಬಯ್ಯಬಹುದಿತ್ತು. ಪರರೆದುರು ಮುದುಕಿ ಸೊಸೆಯ ಮರ್ಯಾದೆ ಉಳಿಸಿದಳು, ಅದೂ ತನ್ನ ಕೈಕೂಸಿನ ಅನ್ನ ಬಿಟ್ಟುಕೊಟ್ಟು. ಗೆದ್ದೆ ಎಂದುಕೊಳ್ಳಲು ನೋಡಿದಳು, ಆಗಲಿಲ್ಲ.

ಸುಧಾಕರ್ ಕಾಗದ ಮಡಿಸಿ ಎದ್ದ. ಟವೆಲಿನಲ್ಲಿ ಕತ್ತು ಒರೆಸಿಕೊಳ್ಳುತ್ತ, "ಕುಡಿಯೋಕೆ ಸ್ವಲ್ಪ ನೀರು ಕೊಡ್ತೀರಮ್ಮ?" ಎಂದ.

ಆ ಕೇರಿಗೆ ಬಂದ ಅಧಿಕಾರಿಗಳು 'ಈಗ ತಾನೇ ಕುಡಿದೆ' ಎನ್ನುವುದು ರೂಢಿ. ಕೇಳಿ ಕುಡಿಯುವವರನ್ನು ಪುಷ್ಪ ನೋಡಿರಲಿಲ್ಲ. ಅವಳು ಮೊರ ಇಳಿಸಿ ಏಳುವಷ್ಟರಲ್ಲಿ ನವ್ಯಶ್ರೀ ಒಳಗೆ ಹೋಗಿಬಿಟ್ಟಿದ್ದಳು. ಪುಷ್ಪ ಸ್ಟೀಲ್ ಲೋಟದ ಸದ್ದಿಗಾಗಿ ಕಿವಿಗೊಟ್ಟಳು. ಲೋಟದ ಸದ್ದು ಬರಲಿಲ್ಲ. ಒಳಗಿನಿಂದ ಢಣ್ ಎಂದಿತು. ಆಮೇಲೆ ಸರ್‍ರನೆ ರಾಗಿ ಜಾರುವ ಸದ್ದು, ತುಂಬ ಹೊತ್ತು.

ಪುಷ್ಪ ಮತ್ತೆ ಜಗಲಿಗೆ ಕೂತು ಮೊರ ಎಳೆದುಕೊಂಡಳು.

ನವ್ಯಶ್ರೀ ಎರಡೂ ಕೈಯಲ್ಲಿ ಚೊಂಬು ಹಿಡಿದು ಹೊರಗೆ ಬಂದಳು. ಮೊಣಕೈಗೆ ರಾಗಿಯ ಹುಡಿ ಅಂಟಿತ್ತು. ತಾಯಿಯ ಕಡೆ ನೋಡಲಿಲ್ಲ, ಪ್ರಿಯಾಳ ಕಡೆಗೂ ನೋಡಲಿಲ್ಲ. ನೆಟ್ಟಗೆ ಹೋಗಿ ಆರ್‌ಐ ಕೈಗೆ ಕೊಟ್ಟಳು. ಸುಧಾಕರ್ ಚೊಂಬು ಎತ್ತಿದ. ನೀರಿನ ಮೇಲೆ ಮೂರು ನಾಲ್ಕು ರಾಗಿ ಕಾಳು ತೇಲುತ್ತಿದ್ದವು. ಅವನ್ನು ಉಫ್ ಎಂದು ಬದಿಗೆ ಊದಿ, ಚೊಂಬನ್ನು ತುಟಿಗಿಟ್ಟು ಕುಡಿದ. ಕುಡಿಯುತ್ತಿದ್ದವನ ಹೆಬ್ಬೆರಳು ಕಂಠದ ಕೆಳಗಿನ ಚುಕ್ಕಿಗಳ ಮೇಲೆ ಸರಿದು ನಿಂತಿತು. ಚೊಂಬನ್ನು ಬಿಸಿಲಿಗೆ ತಿರುಗಿಸಿ ಒಮ್ಮೆ ನೋಡಿದ, ಪುಷ್ಪಳನ್ನು ಒಮ್ಮೆ ನೋಡಿದ. ಉಳಿದ ನೀರನ್ನು ಅಂಗಳದ ಗಿಡದ ಬುಡಕ್ಕೆ ಚೆಲ್ಲಿ, ಚೊಂಬನ್ನು ಮೀನಾಳ ಕೈಗೆ ಕೊಟ್ಟು, ಓದಿ ಹೇಳಮ್ಮ ಬರ್ಕೋತೀನಿ ಎಂದು ಮಡಿಸಿದ ಕಾಗದವನ್ನು ಮತ್ತೆ ಬಿಚ್ಚಿದ.

ಮೀನಾ ಜಗಲಿಯ ಅಂಚಿಗೆ, ಪುಷ್ಪಳ ಪಕ್ಕದಲ್ಲೇ ಕೂತಳು. ಕುಪ್ಪುಸಾಮಿ ಎಂದು ಓದಿದಳು. ಸುಬ್ರಮಣಿ ಎಂದು ಓದಿದಳು. ಚಾಂಪಿಯನ್ ರೀಫ್ಸ್ ಎಂದಳು. ಅಂಕಿಗಳ ಹತ್ತಿರ ಬಂದಾಗ ತಡೆದಳು. ನಲವತ್ತೆಂಟರ ಎಂಟರ ಹೊಟ್ಟೆಯಲ್ಲಿ ಒಂದು ರಾಗಿ ಕಾಳು ಸಿಕ್ಕಿಕೊಂಡಿತ್ತು. ಕಿರುಬೆರಳಿನ ಉಗುರಿನಿಂದ ಅದನ್ನು ಮೆಲ್ಲಗೆ ಬಿಡಿಸಿದಳು. ಎಸೆಯಲಿಲ್ಲ. ಪುಷ್ಪಳ ಮುಖ ನೋಡದೆ, ಕೈ ಚಾಚಿ ಅವಳ ಮುಂದಿದ್ದ ಮೊರದ ಅಂಚಿನಲ್ಲಿ ಆ ಕಾಳನ್ನಿಟ್ಟು, ಉಳಿದದ್ದನ್ನು ಓದಿದಳು.