ತಿಂಗಳಿಗೆ ಒಂದೇ ಹೆಸರು

ಪುಕ್ಕಟೆ ಸಿಕ್ಕಿದರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ ಅನ್ನುವ ವಂಶ ನಮ್ಮದು. ಹಾಗಾಗಿ ಲೆಕ್ಕದ ಸಾಫ್ಟ್‌ವೇರ್ ಆರಿಸುವ ಕೆಲಸ ಶುರುವಾಗುವ ಮೊದಲೇ ಅರ್ಧ ಮುಗಿದಿತ್ತು.

ನಮ್ಮದು ರಟ್ಟಿನ ಡಬ್ಬಿ ಮಾಡುವ ಕಾರ್ಖಾನೆ. ಕಾರ್ಖಾನೆ ಅನ್ನುವುದು ಬೋರ್ಡಿನ ಮೇಲೆ ಮಾತ್ರ. ಒಳಗಿರುವುದು ಎರಡು ಕೋಣೆ, ರಟ್ಟು ಕತ್ತರಿಸುವ ಒಂದು ಯಂತ್ರ, ಗೋಂದಿನ ಬಕೆಟ್ಟು, ನಾನು, ಅಣ್ಣ ಮತ್ತು ಚಿಕ್ಕಪ್ಪ. ಅಪ್ಪ ಹೋದ ಮೇಲೆ ನಮ್ಮಿಬ್ಬರನ್ನು ಸಾಕಿ, ಈ ಕಾರ್ಖಾನೆಯನ್ನೂ ಉಳಿಸಿದವರು ಚಿಕ್ಕಪ್ಪ. ಇಪ್ಪತ್ತೆರಡು ವರ್ಷದಿಂದ ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತು ಲೆಕ್ಕ ಬರೆಯುತ್ತಾ ಬಂದಿದ್ದಾರೆ. ಈಚೆಗೆ ಅವರ ಕಣ್ಣು ಮಂಜಾಗಿ ಮೂರು ಎಂಟಾಗುತ್ತಿತ್ತು, ಎಂಟು ಸೊನ್ನೆಯಾಗುತ್ತಿತ್ತು. ಆಡಿಟರು ಪುಸ್ತಕ ಮುಚ್ಚಿ, "ಮುಂದಿನ ಸಲ ಕಂಪ್ಯೂಟರ್ ಲೆಕ್ಕ ತನ್ನಿ, ಇಲ್ಲಾಂದ್ರೆ ಬೇರೆ ಆಡಿಟರ್ ನೋಡ್ಕೊಳ್ಳಿ" ಅಂದುಬಿಟ್ಟರು. ಸಂಜೆ ಬಾಗಿಲು ಹಾಕುವಾಗ ಚಿಕ್ಕಪ್ಪ, "ಹಾಗಾದ್ರೆ ಈ ಕುರ್ಚಿ ಇನ್ನು ಯಾಕೆ? ಒಳಗೆ ಹಾಕಿಬಿಡಿ" ಅಂದರು. ನಾನು ಕುರ್ಚಿಯನ್ನು ಅಲ್ಲೇ ಬಿಟ್ಟೆ.

ಮೂರು ಸಾಫ್ಟ್‌ವೇರ್ ನೋಡಿದೆ. ಮೊದಲನೆಯದರ ವರ್ಷದ ಬಾಡಿಗೆಗೆ ಇನ್ನೊಂದು ಯಂತ್ರವೇ ಬರುತ್ತಿತ್ತು. ಎರಡನೆಯದು ಅಗ್ಗ, ಆದರೆ ಏನಾದರೂ ಕೇಳಲು ಫೋನ್ ಮಾಡಿದರೆ ನಿಮಿಷಕ್ಕಿಷ್ಟು ಅಂತ ದರ. ಅಣ್ಣನಿಗೆ ಒಂದು ವಿಷಯ ತಲೆಗೆ ಹೋಗಲು ಎಷ್ಟು ನಿಮಿಷ ಬೇಕು ಅಂತ ಯೋಚಿಸಿ ಅದನ್ನೂ ಕೈಬಿಟ್ಟೆ. ಮೂರನೆಯದು ಪುಕ್ಕಟೆ. ಒಂದೇ ಷರತ್ತು: ಹಾಕಿದ ಹೆಸರುಗಳಲ್ಲಿ ತಿಂಗಳಿಗೆ ಒಂದನ್ನು ಮಾತ್ರ ತಿದ್ದಬಹುದು, ಹೆಚ್ಚು ತಿದ್ದಬೇಕೆಂದರೆ ದುಡ್ಡು. ಹೆಸರು ತಿದ್ದುವ ಗ್ರಹಚಾರ ನಮಗೇನು ಬಂದಿದೆ ಅಂದುಕೊಂಡೆ. ಬಂತು.

ಚಿಕ್ಕಪ್ಪನ ಪುಸ್ತಕ ಮುಂದಿಟ್ಟುಕೊಂಡು ಅಣ್ಣ ಎರಡು ದಿನ ಮಕ್ಕಿಕಾಮಕ್ಕಿ ಟೈಪ್ ಮಾಡಿದ. ಚಿಕ್ಕಪ್ಪ ಯಾವ ಗಿರಾಕಿಯ ನಿಜವಾದ ಹೆಸರನ್ನೂ ಬರೆದವರಲ್ಲ. ಹೆಸರು ಮರೆತುಹೋಗುತ್ತದೆ, ಗುಣ ಮರೆಯುವುದಿಲ್ಲ ಅನ್ನುವುದು ಅವರ ವಾದ. ಹೀಗಾಗಿ ಬೇಕರಿಯವರು ಗೊಣಗಣ್ಣ, ಚಪ್ಪಲಿ ಅಂಗಡಿಯವರು ನಾಳೆರಾಯ, ಔಷಧಿ ಅಂಗಡಿಯಾಕೆ ಬಾಯಿಬಡುಕಿ, ಗೊಂಬೆ ಮಾರುವವರು ಅಪರಂಜಿ. ಮನೆಯಲ್ಲಿ ನಾವೂ ಅವರನ್ನೆಲ್ಲ ಹಾಗೇ ಕರೆಯುವುದರಿಂದ ಪರದೆಯ ಮೇಲೆ ನೋಡಿದಾಗ ನಮಗೇನೂ ವಿಚಿತ್ರ ಅನಿಸಲಿಲ್ಲ. ಎಲ್ಲರಿಗೂ ಬಿಲ್ ಕಳಿಸುವ ಗುಂಡಿ ಒತ್ತಿದವಳು ನಾನೇ.

'ಮಾನ್ಯ ನಾಳೆರಾಯ ಅವರೇ' ಅಂತ ಬಿಲ್ಲುಗಳು ಊರೆಲ್ಲ ಸುತ್ತಿದವು. ಔಷಧಿ ಅಂಗಡಿಯಾಕೆ ಫೋನ್ ಮಾಡಿ, ತಾನು ಹೇಗೆ ಬಾಯಿಬಡುಕಿಯಲ್ಲ ಅಂತ ಮುಕ್ಕಾಲು ಗಂಟೆ ವಿವರಿಸಿದಳು. ಬೇಕರಿಯವರು ಫೋನ್ ಮಾಡಲಿಲ್ಲ, ನೇರ ಬಂದರು. ಅವರ ಕೇಕಿನ ಡಬ್ಬಿಗಳೇ ನಮ್ಮ ಅರ್ಧ ಅನ್ನ.

"ಯಾರಮ್ಮ ಗೊಣಗಣ್ಣ? ನಾನು ಗೊಣಗ್ತೀನಾ? ಬಾಗಿಲು ಇಷ್ಟು ತಗ್ಗು, ಒಳಗೆ ಸೆಕೆ, ಗೋಂದಿನ ನಾತ ಬೇರೆ. ಆದ್ರೂ ಯಾವತ್ತಾದ್ರೂ ಗೊಣಗಿದ್ದೀನಾ? ಆ ಗೊಂಬೆಯವನು ಅಪರಂಜಿ ಅಂತೆ, ಅಪರಂಜಿ!"

ಚಿಕ್ಕಪ್ಪ ಕುರ್ಚಿಯಿಂದ ಎದ್ದು ನಿಂತರು. "ಬರೆದದ್ದು ನಾನು. ತಪ್ಪಾಯ್ತು. ಮಕ್ಕಳ ಮೇಲೆ ಕೋಪ ಮಾಡ್ಕೋಬೇಡಿ."

"ನನ್ನ ಕಣ್ಣೆದುರಿಗೇ ತಿದ್ದಿ. ಇಲ್ಲದಿದ್ರೆ ನಾಳೆಯಿಂದ ಡಬ್ಬಿ ಬೇರೆ ಕಡೆ ಮಾಡಿಸ್ತೀನಿ."

ತಿಂಗಳಿಗೆ ಇರುವುದೇ ಒಂದು ತಿದ್ದುಪಡಿ, ಅದು ಇವರಿಗೇ ಹೋಗಲಿ ಅಂತ ಕೂತೆ. ಅವಸರದಲ್ಲಿ ಗಿರಾಕಿಗಳ ಪಟ್ಟಿಯ ಬದಲು ಸಂಬಳದ ಪಟ್ಟಿ ತೆರೆದುಕೊಂಡಿತು. ಮೂರೇ ಸಾಲು. ಮೊದಲನೆಯದು ಬೆಂಕಿ, ಅದು ನಾನು. ಎರಡನೆಯದು ನಿದ್ದೆಗಣ್ಣ, ಅದು ಅಣ್ಣ. ಮೂರನೆಯದು ಚಿಕ್ಕಪ್ಪನ ಸಾಲು. ಅವರ ಪುಸ್ತಕದಲ್ಲಿ ಅಲ್ಲಿ ಪ್ರತಿ ವರ್ಷ 'ನಾನು' ಅಂತಿರುತ್ತಿತ್ತು. ಈ ವರ್ಷ 'ದಂಡಪಿಂಡ' ಅಂತಿತ್ತು.

ಅಣ್ಣ ಅದನ್ನೂ ಕಣ್ಣು ಮುಚ್ಚಿಕೊಂಡು ಟೈಪ್ ಮಾಡಿದ್ದ. ನನಗೆ ಅವನ ಮೇಲೆ, ಚಿಕ್ಕಪ್ಪನ ಮೇಲೆ, ನನ್ನ ಮೇಲೆ ಒಟ್ಟಿಗೇ ಸಿಟ್ಟು ಬಂತು. ಅಳುವೂ ಬಂತು. ಆ ಹೆಸರು ಅಳಿಸಿ 'ಚಿಕ್ಕಪ್ಪ' ಅಂತ ಬರೆದು ಗುಂಡಿ ಒತ್ತಿದೆ. ಈ ತಿಂಗಳ ತಿದ್ದುಪಡಿ ಮುಗಿಯಿತು ಅಂತ ಪರದೆ ತಿಳಿಸಿತು. ಅರ್ಧ ಅನ್ನ ಕೈತಪ್ಪಿತು ಅಂದುಕೊಂಡೆ.

ಬೇಕರಿಯವರು ನನ್ನ ಹೆಗಲ ಹಿಂದೆ ನಿಂತು ಎಲ್ಲ ಓದಿದ್ದರು. "ದುಡ್ಡು ಕಟ್ಟಿ ಒಳ್ಳೇದೊಂದು ತಗೋಬಾರದೇನಮ್ಮ?"

"ತಗೋತೀನಿ. ಡಬ್ಬಿ ರೇಟು ಏರಿಸಬೇಕಾಗುತ್ತೆ. ಆಗಬಹುದಾ?"

ಅವರು ಬಾಯಿ ಮುಚ್ಚಿದ್ದನ್ನು ನಾನು ಅವತ್ತೇ ಮೊದಲು ನೋಡಿದ್ದು. ಆಮೇಲೆ ಚಿಕ್ಕಪ್ಪನ ಕಡೆ ತಿರುಗಿದರು.

"ಏನ್ರೀ ಅದು ದಂಡಪಿಂಡ? ಇಪ್ಪತ್ತೆರಡು ವರ್ಷದಲ್ಲಿ ನೀವು ಯಾರಿಗೂ ತಪ್ಪು ಹೆಸರು ಇಟ್ಟವರಲ್ಲ. ಇದೊಂದು ತಪ್ಪು ಬರೆದಿದ್ದೀರಿ."

ಚಿಕ್ಕಪ್ಪ ಪರದೆಯ ಹತ್ತಿರ ಬಂದು ಕಣ್ಣು ಕಿರಿದು ಮಾಡಿ ನೋಡಿದರು.

"ಕೂತ್ಕೊಳ್ಳಿ. ನನ್ನದು ಮುಂದಿನ ತಿಂಗಳು ತಿದ್ದಿದ್ರೆ ಸಾಕು" ಅಂದು, ತಲೆ ಬಗ್ಗಿಸಿ, ಬಾಗಿಲು ಕಟ್ಟಿದವನಿಗೆ ಬೈಯುತ್ತಾ ಹೊರಗೆ ಹೋದರು.

ಚಿಕ್ಕಪ್ಪ ತಮ್ಮ ಕುರ್ಚಿಯಲ್ಲಿ ಕೂತರು.