ಗೊತ್ತಿದ್ದ ದಾರಿ

ನವೆಂಬರಿನಲ್ಲಿ ಪ್ರವಾಸ ಹೋಗೋಣ ಎಂದು ಲೆಯಾರ್ಕೊ ಬಾಯಿಬಿಟ್ಟ ದಿನವೇ ನೊವೆಲ್ಲಾಳ ಕಿವಿ ನೆಟ್ಟಗಾಗಿತ್ತು.

ಬೈಕಿನ ಮೇಲೆ ಗಂಡ ಹೆಂಡತಿ ಸುತ್ತದ ಊರಿರಲಿಲ್ಲ. ಆದರೆ ಸುತ್ತಿದ್ದೆಲ್ಲ ಜೂನ್ ತಿಂಗಳಲ್ಲಿ, ತಮ್ಮೂರು ಫಾಯೆಂಜಾದ ಆಚೆಯ ಗುಡ್ಡಗಳಲ್ಲಿ ಚೆರ್ರಿ ಕೆಂಪಾಗುವ ಹೊತ್ತಿಗೆ. ನವೆಂಬರ್ ಎಂದರೆ ಬೈಕಿಗೆ ಹೊದಿಕೆ ಹೊದಿಸಿ, ಹೊಸ ವೈನ್ ಬಗ್ಗಿಸಿಕೊಂಡು, ಒಲೆಯ ಮೇಲೆ ಚೆಸ್ಟ್‌ನಟ್ ಸುಡುವ ಕಾಲ.

"ಏಪ್ರಿಲ್‌ನಲ್ಲಿ ಹೋಗೋಣ ಕಣೋ," ಎಂದಳು. "ಈ ಚಳೀಲಿ ಹಿಂದೆ ಕೂತ್ಕೊಂಡು ನನ್ನ ಮಂಡಿ ಮರಗಟ್ಟಿ ಹೋಗುತ್ತೆ."

"ದಕ್ಷಿಣದಲ್ಲಿ ಚಳಿ ಎಲ್ಲಿದೆ? ಸಂತ ಮಾರ್ಟಿನನ ಬೇಸಿಗೆ ಅಂತ ನಮ್ಮಜ್ಜಿ ಕಾಲದಿಂದ ಹೇಳ್ತಾರೆ. ನವೆಂಬರ್‌ನಲ್ಲಿ ಅವನ ಹಬ್ಬದ ವಾರ ಬಿಸಿಲು ಬಂದೇ ಬರುತ್ತೆ."

"ಏಪ್ರಿಲ್‌ನಲ್ಲೂ ಬರುತ್ತೆ ಬಿಸಿಲು."

"ಏಪ್ರಿಲ್ ಬೇಡ ಅಂದೆನಲ್ಲ!"

ಅವನು ಹಾಗೆ ರೇಗುವವನಲ್ಲ. ನೊವೆಲ್ಲಾ ಸುಮ್ಮನಾದಳು. ಆದರೆ ತಲೆಗೆ ಹೊಕ್ಕ ಹುಳ ಸುಮ್ಮನಾಗಲಿಲ್ಲ.

ಊಟವಾದ ಮೇಲೆ ಅಡುಗೆಮನೆಯ ಮೇಜಿನ ಮೇಲೆ ನಕ್ಷೆ ಹರಡಿಕೊಂಡು ಕೂರುವುದು ಅವರ ಹಳೆಯ ರೂಢಿ. ಈ ಸಲ ಲೆಯಾರ್ಕೊ ನಕ್ಷೆಯ ಕಡೆ ನೋಡಲೇ ಇಲ್ಲ. ಕುರ್ಚಿಗೆ ಒರಗಿ, ಚಾವಣಿ ನೋಡುತ್ತ, ಊರುಗಳ ಹೆಸರನ್ನು ಪ್ರಾರ್ಥನೆ ಒಪ್ಪಿಸುವಂತೆ ಒಪ್ಪಿಸಿದ. ಸಮುದ್ರದ ಪಕ್ಕದ ಹಳೇ ಹೆದ್ದಾರಿಯಲ್ಲಿ ತೆರ್ಮೊಲಿವರೆಗೆ, ಅಲ್ಲಿಂದ ಫೊಜ್ಜಿಯಾ, ಅಲ್ಲಿಂದ ಬೆಟ್ಟ ಹತ್ತಿ ರಿಯೊನೆರೊ. ರಿಯೊನೆರೊದಲ್ಲಿ ಮಾತ್ರ ಎರಡು ರಾತ್ರಿ.

"ಅಲ್ಲೇನಿದೆ ಎರಡು ರಾತ್ರಿಗೆ?"

"ಊಟ ಚೆನ್ನಾಗಿರುತ್ತೆ. ನೀನು ಬರ್ಕೋ, ನನ್ನ ಅಕ್ಷರ ನನಗೇ ಓದೋಕಾಗಲ್ಲ. ದಿನಾ ಮಧ್ಯಾಹ್ನ ಮೂರಕ್ಕೆ ಬೈಕು ನಿಲ್ಲಿಸಿಬಿಡೋದು. ಸುರಂಗದ ರಸ್ತೆ ಬೇಡ, ಅದರಲ್ಲಿ ಹೋದ್ರೆ ಏನು ಕಾಣುತ್ತೆ?"

ಬರೆಯುತ್ತ ಬರೆಯುತ್ತ ನೊವೆಲ್ಲಾಳ ಪೆನ್ನು ನಿಂತಿತು. ಈ ದಾರಿ ಅವಳಿಗೆ ಗೊತ್ತಿತ್ತು. ಲೆಯಾರ್ಕೊ ನಿವೃತ್ತನಾಗುವ ಮೊದಲು ಟೈಲ್ಸ್ ಲಾರಿ ಓಡಿಸುತ್ತಿದ್ದ. ಫಾಯೆಂಜಾದಲ್ಲಿ ತುಂಬಿಕೊಂಡು ಹೋಗಿ ದಕ್ಷಿಣದಲ್ಲಿ ಇಳಿಸಿ ಬರುವ ಕೆಲಸ. ಒಂದು ಊರೂ ಆಚೀಚೆ ಆಗದಂತೆ, ಅದೇ ಲಾರಿಯ ದಾರಿ ಇದು. ಹೆಂಡತಿಯನ್ನು ಪ್ರವಾಸಕ್ಕೆ ಕರೆದುಕೊಂಡು ಹೋಗುತ್ತೇನೆಂದವನು ಹಳೆಯ ಗಾಲಿ ಗುರುತಿನಲ್ಲೇ ಯಾಕೆ ಹೊರಟಿದ್ದಾನೆ?

ಮಾರನೆಯ ದಿನವೇ ಬಸ್ಸು ಹತ್ತಿ ಬ್ರಿಸಿಗೆಲ್ಲಾದಲ್ಲಿದ್ದ ಅಕ್ಕ ನೀವೆಸ್‌ಳ ಮನೆಗೆ ಹೋದಳು. ನೀವೆಸ್ ಬೆಂಕಿಗೆ ತುಪ್ಪ ಸುರಿಯುವುದರಲ್ಲಿ ಎತ್ತಿದ ಕೈ.

"ಲಾರಿ ಡ್ರೈವರಿಗೆ ಊರಿಗೊಂದು ಊಟದ ಮನೆ ಕಣೇ. ಊಟ ಮಾತ್ರ ಹಾಕ್ತಿದ್ರು ಅಂತ ಯಾರು ಕಂಡಿದ್ದಾರೆ?"

"ಎಪ್ಪತ್ತಾಗ್ತಾ ಬಂತು ಅವನಿಗೆ, ನೀವೆಸ್."

"ಅದಕ್ಕೇ ಅವಸರ. ಏಪ್ರಿಲ್‌ವರೆಗೆ ಕಾಯೋಕಾಗ್ತಿಲ್ಲ ಪಾಪ."

ನೊವೆಲ್ಲಾ ನಕ್ಕಳು. ಆದರೆ ಮರಳಿ ಬರುವಾಗ ಬಸ್ಸಿನ ಕಿಟಕಿಗೆ ಹಣೆ ಒತ್ತಿಕೊಂಡೇ ಕೂತಿದ್ದಳು. ಮೊನ್ನೆಯ ಮಳೆಗೆ ಗುಡ್ಡ ಜರಿದು ರಸ್ತೆ ಅರ್ಧ ಕುಸಿದಿದ್ದ ಕಡೆ ಬಸ್ಸು ತೆವಳಿಕೊಂಡು ದಾಟಿತು. ಅವಳ ಮನಸ್ಸೆಲ್ಲ ರಿಯೊನೆರೊದಲ್ಲಿತ್ತು.

ಲೆಯಾರ್ಕೊ ಇಸ್ಪೀಟಾಡಲು ಊರಿನ ಬಾರ್‌ಗೆ ಹೋದ ಹೊತ್ತು ನೋಡಿ, ರಿಯೊನೆರೊದಲ್ಲಿ ಅವನು ಇಳಿಯಬೇಕೆಂದಿದ್ದ ವಸತಿಗೃಹಕ್ಕೆ ಫೋನು ಮಾಡಿದಳು. ಎತ್ತಿಕೊಂಡದ್ದು ಒಂದು ಹೆಣ್ಣುದನಿ. ಇಂಕೊರೊನಾತಾ ಅಂತೆ ಹೆಸರು. ಎಳೆಯ ದನಿ, ಮಾತುಮಾತಿಗೂ ನಗು.

"ಓ, ಲೆಯಾರ್ಕೊ ಅವರ ಮನೆಯವರಾ? ಅವರು ಎಷ್ಟು ಸಲ ಫೋನ್ ಮಾಡಿದ್ದಾರೆ ಗೊತ್ತಾ! ನಮ್ಮತ್ತೆ ಕಾಲದಿಂದ ಇಲ್ಲಿಗೆ ಬರ್ತಿದ್ರಂತೆ. ಅತ್ತೆ ಇಲ್ಲೇ ಒಲೆ ಮುಂದೆ ಕೂತಿದ್ದಾರೆ, ಕೊಡ್ಲಾ?"

"ಬೇಡ ಬೇಡ," ಎಂದಳು ನೊವೆಲ್ಲಾ ಗಡಬಡಿಸಿ. ನನ್ನ ಮುಂದೆ ಒಂದು ಸಲವೂ ಫೋನ್ ಮಾಡಿಲ್ಲ! "ಅಷ್ಟೊಂದು ಸಲ ಏನು ಕೇಳ್ತಾರೆ ಅವರು?"

"ರಸ್ತೆ ಬಗ್ಗೇನೆ. ತಿರುವು ಹಾಗೇ ಇದೆಯಾ, ಸೇತುವೆ ಹಾಗೇ ಇದೆಯಾ ಅಂತ. ಹಾಗೇ ಇದೆ ಅಂದಿದ್ದೆ. ಈಗ ನೋಡಿದ್ರೆ ಹಳೇ ರಸ್ತೆ ಕುಸಿದುಹೋಗಿದೆ ಅಮ್ಮಾ. ಹೊಸ ರಸ್ತೇಲಿ, ಸುರಂಗ ದಾಟಿ ಬರಬೇಕು. ಹೇಳಿಬಿಡಿ ಅವರಿಗೆ."

ಅಂದು ಸಂಜೆ ನೊವೆಲ್ಲಾ ಸಾರಿನಲ್ಲಿ ಬೇಯಿಸಿದ ಕಪ್ಪೆಲ್ಲೆತ್ತಿ ಎಂಬ ಹೂರಣದ ಪುಟ್ಟ ಕಡುಬು ಬಡಿಸಿ, ಎದುರಿಗೇ ಕೂತಳು. ಮುಖ ಸರಿಯಾಗಿ ಕಾಣಲೆಂದು ದೀಪವನ್ನೂ ಅವನ ಕಡೆ ಸರಿಸಿದ್ದಳು.

"ಇಂಕೊರೊನಾತಾ ಜೊತೆ ಮಾತಾಡಿದೆ."

"ಯಾರದು?"

"ರಿಯೊನೆರೊದವಳು. ಅವಳ ಅತ್ತೆ ಇನ್ನೂ ಇದ್ದಾಳಂತೆ. ಒಲೆ ಮುಂದೆ ಕೂತಿರ್ತಾಳಂತೆ."

"ಹೌದಾ? ಒಳ್ಳೆ ಹೆಂಗಸು. ಸಾರಿಗೆ ಖಾರ ಜಾಸ್ತಿ ಹಾಕ್ತಿದ್ಲು," ಎಂದು ಲೆಯಾರ್ಕೊ ಇನ್ನೊಂದು ಚಮಚ ಬಾಯಿಗಿಟ್ಟ. ಮುಖದಲ್ಲಿ ಒಂದು ಗೆರೆ ಅಲುಗಲಿಲ್ಲ. ಕಳ್ಳನಾಗಿದ್ದರೆ ಇಷ್ಟು ಹೊತ್ತಿಗೆ ಕೆಮ್ಮಬೇಕಿತ್ತು.

ನೊವೆಲ್ಲಾಗೆ ಒಂಥರಾ ನಿರಾಸೆಯೇ ಆಯಿತು. "ಹಳೇ ರಸ್ತೆ ಕುಸಿದಿದೆಯಂತೆ," ಎಂದಳು, ಹೇಳಬೇಕಲ್ಲ ಎಂದು. "ಹೊಸ ರಸ್ತೇಲಿ ಬರಬೇಕಂತೆ."

ಚಮಚ ನಡುದಾರಿಯಲ್ಲಿ ನಿಂತಿತು. ಲೆಯಾರ್ಕೊನ ಮುಖ ಸುಣ್ಣವಾಯಿತು.

"ಹೊಸದು ಅಂದ್ರೆ? ಎಲ್ಲಿಂದ ತಿರುಗುತ್ತೆ?"

"ನನಗೇನು ಗೊತ್ತು? ಬೋರ್ಡ್ ಇರುತ್ತೆ, ನೋಡ್ಕೊಂಡು ಹೋದ್ರಾಯ್ತು."

"ಹಾಗಾದ್ರೆ ರಿಯೊನೆರೊ ಬೇಡ," ಎಂದವನು ತಟ್ಟೆ ಸರಿಸಿ ಎದ್ದೇಬಿಟ್ಟ.

ನೊವೆಲ್ಲಾ ಎದುರಿನ ಖಾಲಿ ಕುರ್ಚಿಯನ್ನೇ ನೋಡುತ್ತ ಕೂತಳು. ಹೆಂಗಸಿನ ಹೆಸರಿಗೆ ಹೆದರದವನು ರಸ್ತೆಯ ಹೆಸರಿಗೆ ಹೆದರಿದನಲ್ಲ! ಆಗ ಒಂದೊಂದೇ ನೆನಪಾಗತೊಡಗಿತು. ಕನ್ನಡಕ ಮರೆತೆ ಎಂದು ಔಷಧಿ ಚೀಟಿ ಅವಳಿಂದ ಓದಿಸಿಕೊಂಡದ್ದು. ಬೇಸಿಗೆಯಿಂದೀಚೆಗೆ ಕಾರಿನ ಕೀಲಿಯನ್ನು ಅವಳ ಕೈಗೇ ಕೊಡುತ್ತಿದ್ದದ್ದು. ನೋಡದೇ ಬಿಟ್ಟ ಆ ನಕ್ಷೆ. ಅಕ್ಕನ ಮನೆಯಲ್ಲಿ ಹುಟ್ಟಿಕೊಂಡ ಅನುಮಾನಕ್ಕೆ ಮುಖವಾದರೂ ಇತ್ತು, ಲಂಗವಾದರೂ ಇತ್ತು. ಈ ಹೊಸ ಅನುಮಾನಕ್ಕೆ ಅದೂ ಇರಲಿಲ್ಲ.

ಅವಳು ಕೇಳಲಿಲ್ಲ. ಕೇಳಿದರೆ ಇಲ್ಲ ಎನ್ನುತ್ತಾನೆ, ಅಷ್ಟೇ.

ಭಾನುವಾರ ಅವಳೇ ಹೇಳಿದಳು. "ಬೈಕಿಗೆ ಪೆಟ್ಟಿಗೆ ಕಟ್ಟಿ ಒಂದು ಸುತ್ತು ಹೋಗಿ ನೋಡೋಣ. ಅಕ್ಕನ ಮನೆ ದಾರೀಲಿ. ನಿಧಾನಕ್ಕೆ ಹೋಗು, ನನ್ನ ಮಂಡಿಗೆ ಅಭ್ಯಾಸವಾಗ್ಲಿ."

ಲೆಯಾರ್ಕೊ ಹಿಗ್ಗಿದ. ಬೈಕು ಹತ್ತಿದರೆ ಅವನು ಹರೆಯದವನಂತೆಯೇ. ಗೊತ್ತಿದ್ದ ತಿರುವುಗಳಲ್ಲಿ ನೀರು ಹರಿದಂತೆ ಹರಿದ. ಹಿಂದೆ ಕೂತ ನೊವೆಲ್ಲಾಗೆ ಒಂದು ಕ್ಷಣ ತನ್ನ ಬಗ್ಗೆಯೇ ನಾಚಿಕೆಯಾಯಿತು. ಆದರೂ ದಾರಿಬದಿಯ ದೇವಮಾತೆಯ ಗುಡಿ ಬಂದದ್ದೇ ಅವನ ಹೆಗಲು ತಟ್ಟಿದಳು.

"ಇಲ್ಲಿ ನಿಲ್ಲಿಸು. ಕಾಲು ಜೋಮು ಹಿಡೀತು."

ಇಬ್ಬರೂ ಹೆಲ್ಮೆಟ್ ತೆಗೆದರು. ಮುಂದೆ ರಸ್ತೆ ನೇರಕ್ಕೆ ಹೋಗಿ ಎಡಕ್ಕೆ ತಿರುಗುವ ಜಾಗ.

"ಅಲ್ಲೇನು ಕಾಣುತ್ತೆ ಲೆಯಾರ್ಕೊ, ಆ ತಿರುವಿನಲ್ಲಿ?"

ಅವನು ಕಣ್ಣು ಕಿರಿದು ಮಾಡಿ ನೋಡಿದ. ನಕ್ಕ. "ಇನ್ನೇನು? ಗಾಸ್ಪರೆಯ ತೋಟದ ಕಾಕಿ ಹಣ್ಣಿನ ಮರ. ಎಲೆ ಉದುರಿದೆ, ಹಣ್ಣು ಹಾಗೇ ಇದೆ. ಈ ವರ್ಷ ಮರ ಪೂರ್ತಿ ಕಿತ್ತಳೆ ಬಣ್ಣ."

ಅಲ್ಲಿ ಮರವಿರಲಿಲ್ಲ. ಗುಡ್ಡ ಜರಿದಾಗ ಗಾಸ್ಪರೆಯ ಮರ ಬುಡಸಮೇತ ಕಣಿವೆಗೆ ಹೋಗಿತ್ತು. ಅರ್ಧ ರಸ್ತೆಯೂ ಅದರ ಜೊತೆಗೆ ಹೋಗಿತ್ತು. ಜನ ಬೀಳದಿರಲೆಂದು ಗೂಟ ನೆಟ್ಟು, ಕಿತ್ತಳೆ ಬಣ್ಣದ ಪ್ಲಾಸ್ಟಿಕ್ ಬಲೆ ಕಟ್ಟಿದ್ದರು.

ನೊವೆಲ್ಲಾ ಕೈ ಚಾಚಿ ಬೈಕಿನ ಕೀಲಿ ಕಿತ್ತುಕೊಂಡಳು.

"ಯಾವಾಗಿನಿಂದ?"

"ಏನು ಯಾವಾಗಿನಿಂದ?"

"ಅದು ಬಲೆ ಕಣೋ! ಬಲೆ! ಮರ ಇಲ್ಲ, ರಸ್ತೆಯೂ ಇಲ್ಲ ಅಲ್ಲಿ. ಯಾವಾಗಿನಿಂದ ಕಣ್ಣು ಕಾಣಲ್ಲ ನಿನಗೆ?"

ಲೆಯಾರ್ಕೊ ಮತ್ತೊಮ್ಮೆ ಆ ಕಡೆ ನೋಡಿದ. ಆಮೇಲೆ ಗುಡಿಯ ಕಟ್ಟೆಯ ಮೇಲೆ ಕುಸಿದು ಕೂತ.

"ಬೇಸಿಗೆಯಿಂದ. ಬಲಗಣ್ಣು ಪೂರ್ತಿ ಮಂಜು. ಎಡಗಣ್ಣಲ್ಲಿ ನಡುವೆ ಏನೋ ಅಡ್ಡ ಬಂದ ಹಾಗೆ. ಡಿಸೆಂಬರ್‌ನಲ್ಲಿ ಲೈಸೆನ್ಸ್ ಮುಗಿಯುತ್ತೆ. ಕಣ್ಣು ಪರೀಕ್ಷೆ ಮಾಡ್ತಾರೆ. ಆಮೇಲೆ ಏಪ್ರಿಲ್ ಎಲ್ಲಿಂದ ಬರಬೇಕು?" ಸ್ವಲ್ಪ ತಡೆದು ಹೇಳಿದ: "ಆ ದಾರಿ ನನಗೆ ಬಾಯಿಪಾಠ ನೊವೆಲ್ಲಾ. ಕಣ್ಣು ಮುಚ್ಚಿ ಹೋಗ್ತೀನಿ."

"ಕಣ್ಣು ಮುಚ್ಚಿ ಹೋಗು. ಹಿಂದೆ ನನ್ನನ್ನ ಯಾಕೆ ಕೂರಿಸ್ಕೋತೀಯ?"

ಲೆಯಾರ್ಕೊ ಹೆಲ್ಮೆಟ್ಟನ್ನು ಮಡಿಲಿಗೆ ಎಳೆದುಕೊಂಡ.

"ಇನ್ನೊಬ್ಬಳಿದ್ದಾಳೆ ಅಂದ್ಕೊಂಡಿದ್ದೆ," ಎಂದಳು. "ಇದ್ದಿದ್ರೆ ಎರಡು ತಟ್ಟೆ ಒಡೆದು ಸುಮ್ಮನಾಗ್ತಿದ್ದೆ. ಇದು ನನ್ನ ಕುತ್ತಿಗೆ ಕಣೋ. ನಿನ್ನ ಬೆನ್ನು ನಂಬಿ ಇಷ್ಟು ವರ್ಷ ಕಣ್ಣು ಮುಚ್ಚಿ ಕೂತಿದ್ದೆ ನಾನು."

ಬೈಕು ರಿಪೇರಿಯ ಸೌರೊಗೆ ಫೋನು ಮಾಡಿದಳು. ಅವನು ವ್ಯಾನು ತರುವವರೆಗೆ ಇಬ್ಬರೂ ಕಟ್ಟೆಯ ಎರಡು ತುದಿಗಳಲ್ಲಿ ಕೂತಿದ್ದರು. ಬೈಕನ್ನು ವ್ಯಾನಿಗೆ ಏರಿಸುವಾಗ "ಏನಾಯ್ತು?" ಎಂದ ಸೌರೊ. "ಕ್ಲಚ್ಚು," ಎಂದಳು ನೊವೆಲ್ಲಾ. ಲೆಯಾರ್ಕೊ ತಲೆ ಎತ್ತಿ ಅವಳನ್ನು ನೋಡಿದ. ಅವಳು ನೋಡಲಿಲ್ಲ.

ಆ ವಾರವೇ ಅವನನ್ನು ಕಣ್ಣಿನ ಡಾಕ್ಟರ ಹತ್ತಿರ ಎಳೆದುಕೊಂಡು ಹೋದಳು. ಒಳಗೂ ಜೊತೆಗೇ ಹೋದಳು. ಹೊರಗೆ ಬಂದು ಅವನು ಹೇಳುವುದನ್ನು ನಂಬುವ ಕಾಲ ಮುಗಿದಿತ್ತು. ಬಲಗಣ್ಣಿನ ಪೊರೆ ತೆಗೆಯಬಹುದು, ಸರದಿ ಬರಲು ಚಳಿಗಾಲ ಕಳೆಯಬೇಕು ಎಂದರು ಡಾಕ್ಟರು. ಎಡಗಣ್ಣಿನ ಹಿಂಭಾಗದಲ್ಲಿ ಹಾಳಾಗಿರುವುದು ಹಿಂದಿರುಗಿ ಬರುವುದಿಲ್ಲ. ಬೈಕಿನ ವಿಷಯ ಲೆಯಾರ್ಕೊ ಕೇಳಲಿಲ್ಲ. ಕೇಳದ ಪ್ರಶ್ನೆಗೆ ಡಾಕ್ಟರೇ ತಲೆಯಾಡಿಸಿ ಬೇಡವೆಂದರು.

ಅವನು ಊಟ ಬಿಟ್ಟ, ಇಸ್ಪೀಟು ಬಿಟ್ಟ. ಗ್ಯಾರೇಜಿನ ಬಾಗಿಲು ತೆರೆದು ನಿಂತು ಮತ್ತೆ ಮುಚ್ಚುತ್ತಿದ್ದ. ನೊವೆಲ್ಲಾಗೆ ಸಿಟ್ಟು ಇಳಿದಿರಲಿಲ್ಲ. ಆದರೆ ಹಾಗೆ ನಿಂತ ಬೆನ್ನನ್ನು ದಿನಾ ನೋಡುವುದೂ ಆಗದಾಯಿತು. ಇಂಕೊರೊನಾತಾಗೆ ಮತ್ತೆ ಫೋನು ಮಾಡಿ ಎರಡು ರಾತ್ರಿಗೆ ಕೋಣೆ ಹಿಡಿದಳು.

ಸಂತ ಮಾರ್ಟಿನನ ವಾರ ಬಿಸಿಲು ಬಂದೇ ಬಂತು. ಗಂಡ ಹೆಂಡತಿ ಫಾಯೆಂಜಾದಲ್ಲಿ ರೈಲು ಹತ್ತಿದರು. ರಿಮಿನಿ ದಾಟುವವರೆಗೆ ಲೆಯಾರ್ಕೊ ಕಿಟಕಿಗೆ ಬೆನ್ನು ಹಾಕಿ ಕೂತಿದ್ದ. ಹಳೇ ಹೆದ್ದಾರಿ ರೈಲಿನ ಪಕ್ಕಕ್ಕೇ ಬಂದು ಓಡತೊಡಗಿದಾಗ ಅವನಿಗೆ ಅದು ಹೇಗೋ ತಿಳಿಯಿತು. ಕಿಟಕಿಯ ಕಡೆ ವಾಲಿದ.

"ಏನಿದೆ ಹೊರಗೆ? ಹೇಳು," ಎಂದ.

ಅವನು ಹಾಗೆ ಕೇಳಿದ್ದು ಅದೇ ಮೊದಲು.

ನೊವೆಲ್ಲಾ ಬೇಕೆಂದೇ ಮೊದಲು ಶಾಲು ಸರಿಮಾಡಿಕೊಂಡಳು. ಆಮೇಲೆ ಶುರುಮಾಡಿದಳು. "ಸಮುದ್ರ ಶಾಂತವಾಗಿದೆ. ಮುಚ್ಚಿದ ಹೋಟೆಲುಗಳು. ಒಬ್ಬ ನಾಯಿ ಜೊತೆ ಹೋಗ್ತಿದ್ದಾನೆ. ಒಂದು ಗೋಡೆ, ಗೋಡೆ ಆಚೆ ಚಪ್ಪಲಿ ಅಂಗಡಿ."

"ಚಪ್ಪಲಿ ಅಂಗಡಿಯಾ? ಅಲ್ಲಿ ಪೆಟ್ರೋಲ್ ಬಂಕ್ ಇರಬೇಕು."

"ಇಲ್ಲ. ಚಪ್ಪಲಿ ಅಂಗಡಿ."

"ಸುಳ್ಳು ಹೇಳ್ಬೇಡ."

"ಸುಳ್ಳು ನಿನ್ನ ಇಲಾಖೆ ಕಣಪ್ಪಾ," ಎಂದಳು ನೊವೆಲ್ಲಾ. "ಮುಂದೆ ಕೇಳು."